ಕೆಂಡಕ್ಕೆ ಹೊಯ್ದ ಹಾಲು

ಜಯನಗರ

ನಾನು ಆಸ್ಟ್ರೇಲಿಯಾಕ್ಕೆ ಹೋದದ್ದು ಹಾಲು ಮೂಸುವುದನ್ನು ಕಲಿಯಲು. ಇದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಮ್ಮ ಮೂರನೇ ಬ್ಲಾಕಿನಲ್ಲಿ ಆಗಲೇ ಎಲ್ಲರೂ ನಕ್ಕು ಮುಗಿಸಿದ್ದಾರೆ.

ಹಾಲಿನ ಡೇರಿಯೊಂದರ ಪರೀಕ್ಷಾ ಕೋಣೆಯಲ್ಲಿ ನನ್ನ ಕೆಲಸ. ಬೆಳಗಾಗುವ ಮೊದಲೇ ಹಳ್ಳಿಗಳಿಂದ ಕ್ಯಾನುಗಳು ಬಂದಿಳಿಯುತ್ತವೆ. ಮುಚ್ಚಳ ತೆಗೆದ ಕೂಡಲೇ ಏಳುವ ವಾಸನೆಯಲ್ಲೇ ಆ ಹಾಲಿನ ಜಾತಕವೆಲ್ಲ ಇರುತ್ತದೆ. ಹಸು ಏನು ಮೇದಿತ್ತು, ಪಾತ್ರೆ ತೊಳೆದಿದ್ದರೋ ಇಲ್ಲವೋ, ನಿನ್ನೆಯ ಹಾಲು ಇಂದಿನದಕ್ಕೆ ಸೇರಿದೆಯೋ, ಎಲ್ಲವನ್ನೂ ಮೂಗು ಹೇಳುತ್ತದೆ. ಗಾಜಿನ ಕೊಳವೆಗಳು ಆಮೇಲೆ ಸಾಕ್ಷಿ ನುಡಿಯುತ್ತವೆ, ಅಷ್ಟೆ. ಆಸ್ಟ್ರೇಲಿಯಾದಲ್ಲಿ ಈ ಮೂಗಿನ ವಿದ್ಯೆಯನ್ನು ಪಾಠ ಮಾಡಿ ಕಲಿಸುತ್ತಾರೆಂದೂ, ನಮ್ಮಲ್ಲಿಂದ ಒಬ್ಬರನ್ನು ಕೆಲವು ತಿಂಗಳ ಮಟ್ಟಿಗೆ ಕರೆಸಿಕೊಳ್ಳುತ್ತಾರೆಂದೂ ಸುದ್ದಿ ಬಂತು. ಉಳಿದವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ನಾನು ಹೋಗುತ್ತೇನೆಂದೆ. ೧೯೬೪ರ ಕೊನೆಯ ಮಾತು ಅದು.

ಹನುಮಂತನಗರದಿಂದ ದೊಡ್ಡಮ್ಮ ಬಂದು ಕೂತು, "ಅಲ್ವೇ ಸುಶೀಲಾ, ಮದುವೆಗೆ ನಿಂತಿರೋ ಹುಡುಗಿ ಹಡಗು ಹತ್ತಿದ್ರೆ ನಾಳೆ ಗಂಡಿನ ಕಡೆಯೋರು ಏನಂತಾರೆ?" ಎಂದರು.

"ಚೆನ್ನಾಗಿ ಹಾಲು ಮೂಸ್ತಾಳೆ ಅಂತಾರೆ, ದೊಡ್ಡಮ್ಮ" ಎಂದೆ.

ಅಪ್ಪ ಪತ್ರಿಕೆಯ ಹಿಂದೆ ನಕ್ಕದ್ದು ಕೇಳಿಸಿತು. ಅಲ್ಲಿಗೆ ಒಪ್ಪಿಗೆ ಸಿಕ್ಕಿತೆಂದು ತಿಳಿದೆ.

ಹೊರಡುವ ಮುಂಚೆ ಜರಗನಹಳ್ಳಿಗೆ ಹೋಗಿ ಅಜ್ಜಿಯ ಕಾಲಿಗೆ ಬಿದ್ದೆ. ಅಮ್ಮನ ತವರು ಅದು. ಶಾಲೆಗೆ ರಜಾ ಬಂತೆಂದರೆ ಕನಕಪುರ ರಸ್ತೆಯ ಬಸ್ಸು ಹಿಡಿದು ಅಲ್ಲಿಗೆ ಓಡುತ್ತಿದ್ದೆ. ಹಾಲು ಕರೆಯುವುದನ್ನು ಕಲಿತದ್ದು ಅಜ್ಜಿಯ ಕೊಟ್ಟಿಗೆಯಲ್ಲೇ. "ಹೆಬ್ಬೆಟ್ಟು ಮಡಿಸ್ಬೇಡ, ಅದಕ್ಕೆ ನೋಯ್ತದೆ" ಎಂದು ಕೈಮೇಲೆ ಬಡಿದು ಕಲಿಸಿದ್ದರು. ಈಗ ನನ್ನ ಕೆನ್ನೆ ಸವರಿ ಕೇಳಿದ್ದು ಒಂದೇ: "ಅಲ್ಲ ಮಗಾ, ನಮ್ಮೂರ ಹಾಲಿಗೆ ವಾಸ್ನೆ ಇಲ್ವಾ?"

ಮೆಲ್ಬರ್ನ್

ಪರದೇಶವೆಂದರೆ ಚಳಿ ಎಂಬುದು ನಮ್ಮ ಬೀದಿಯ ಒಮ್ಮತದ ಅಭಿಪ್ರಾಯವಾಗಿತ್ತು. ಚಿಕ್ಕಪೇಟೆಯಲ್ಲಿ ಬಟ್ಟೆ ಕೊಂಡು ಹೊಲಿಸಿದ ದಪ್ಪ ಉಣ್ಣೆ ಕೋಟನ್ನು ತೋಳಿನ ಮೇಲೆ ಹೊತ್ತು ಜನವರಿಯಲ್ಲಿ ಹಡಗಿನಿಂದ ಇಳಿದರೆ, ಬಂದರಿನ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ನಮ್ಮ ಸಂಕ್ರಾಂತಿ ಅವರ ಕಡುಬೇಸಿಗೆ. ಸೂರ್ಯ ಉತ್ತರದ ಕಡೆಯಿಂದ ಹಾಯುತ್ತಾನೆ. ದಿಕ್ಕುಗಳ ಮೇಲೆ ನನಗಿದ್ದ ನಂಬಿಕೆಯೇ ಅಲುಗಿತು. ಮೊದಲ ವಾರ ಟ್ರಾಮು ಹಿಡಿದಾಗಲೆಲ್ಲ ತಪ್ಪು ದಿಕ್ಕಿಗೇ ಹೋದೆ.

ಮನೆಯೊಡತಿ "ಸಂಜೆ ಟೀಗೆ ಬಾ" ಎಂದಳು. ಟೀ ತಾನೇ ಎಂದು ನಾನು ಕೋಣೆಯಲ್ಲಿ ಅನ್ನ ಬೇಯಿಸಿ ಉಪ್ಪಿನಕಾಯಿ ಹಚ್ಚಿಕೊಂಡು ಹೊಟ್ಟೆ ತುಂಬ ಉಂಡು ಕೆಳಗಿಳಿದರೆ, ಮೇಜಿನ ಮೇಲೆ ಆಲೂಗೆಡ್ಡೆ, ಬಟಾಣಿ, ಬ್ರೆಡ್ಡು, ಬೆಣ್ಣೆ, ಮೂರು ಬಗೆಯ ಕೇಕು. ಅವರಲ್ಲಿ ರಾತ್ರಿಯ ಊಟಕ್ಕೇ ಟೀ ಎನ್ನುತ್ತಾರೆ. ಮರ್ಯಾದೆಗಾಗಿ ಎರಡನೆಯ ಸಲ ಉಂಡೆ. ಕುಡಿಯುವ ಟೀಯನ್ನು ಮಾತ್ರ ಯಾರೂ ಕೊಡಲಿಲ್ಲ.

ಬೆಳಗ್ಗೆಯೆಲ್ಲ ಪಾಠ. ಬಿಳಿ ಬಟ್ಟಲುಗಳಲ್ಲಿ ಹಾಲು ಸಾಲಾಗಿ ಇಟ್ಟಿರುತ್ತಿದ್ದರು. ಮೂಸಬೇಕು, ಒಂದು ಗುಟುಕು ಬಾಯಲ್ಲಿ ಹೊರಳಿಸಿ ಉಗಿಯಬೇಕು, ದೋಷ ಹೇಳಬೇಕು. ಒಂದರಲ್ಲಿ ಈರುಳ್ಳಿ, ಒಂದರಲ್ಲಿ ತುಕ್ಕು, ಒಂದರಲ್ಲಿ ಕಾಡಹೂವಿನ ಕಹಿ. ನಾನು ಬೇಗ ಕಲಿತೆ. ಹಾಲು ಹುಟ್ಟುವ ಜಾಗ ನೋಡದೆ ಈ ವಿದ್ಯೆ ಪೂರ್ತಿಯಾಗದೆಂದು ಫೆಬ್ರವರಿಯಲ್ಲಿ ನನ್ನನ್ನು ಗಿಪ್ಸ್‌ಲ್ಯಾಂಡ್ ಎಂಬ ಸೀಮೆಯ ಒಂದು ಫಾರಮ್ಮಿಗೆ ಕಳಿಸಿದರು.

ಗುಡ್ಡದ ಕೆಳಗಿನ ಮನೆ

ರೈಲು ನಿಲ್ದಾಣಕ್ಕೆ ಬಂದಾತ ಜ್ಯಾಕ್, ಫಾರಮ್ಮಿನ ಯಜಮಾನ. ನಲವತ್ತು ದಾಟಿದ ಎತ್ತರದ ಆಳು. ದಾರಿಯಲ್ಲಿ ಎರಡೇ ಮಾತಾಡಿದ. ಹೊರಟ ಸ್ವಲ್ಪ ಹೊತ್ತಿಗೆ "ಬಿಸಿಲು" ಎಂದ. ಬಹಳ ದೂರ ಹೋದ ಮೇಲೆ "ಒಣಗಿದೆ" ಎಂದ.

ಮನೆಯಲ್ಲಿ ಆತನ ಹೆಂಡತಿ ಬೆಟ್ಟಿ, ಆತನ ತಾಯಿ. ತಾಯಿಯನ್ನು ಸುತ್ತಲಿನವರೆಲ್ಲ ನ್ಯಾನ್ ಎನ್ನುತ್ತಿದ್ದರು. ಅಜ್ಜಿ ಎಂದೇ ಅದರ ಅರ್ಥ. ಎಪ್ಪತ್ತು ದಾಟಿದ ಒಣಕಲು ದೇಹ, ಹೊರಗೆ ಕಾಲಿಟ್ಟರೆ ತಲೆಯ ಮೇಲೆ ಹ್ಯಾಟು. ನನ್ನ ಹೆಸರು ಕೇಳಿ, ಮೊದಲಕ್ಷರ ನುಂಗಿ, "ಶೀಲಾ! ಸುಲಭವಾಯ್ತು" ಎಂದರು. ಜ್ಯಾಕ್, ಬೆಟ್ಟಿ ಇಬ್ಬರೂ ನಕ್ಕರು. ಅವರ ಆಡುಮಾತಿನಲ್ಲಿ ಶೀಲಾ ಎಂದರೆ ಹೆಂಗಸು ಎಂದಷ್ಟೇ ಅರ್ಥವಂತೆ. ಹೀಗೆ ನಾನು ಆ ಮನೆಯಲ್ಲಿ ಬರೀ "ಹೆಂಗಸು" ಆದೆ. ಅವರ ಇಂಗ್ಲಿಷಿನಲ್ಲಿ ದೊಡ್ಡವರಿಗೂ ಚಿಕ್ಕವರಿಗೂ ಒಂದೇ "ಯು". ಇಲ್ಲಿ ಅವರ ಮಾತನ್ನು ನಮ್ಮ ಮನೆಯ ಕನ್ನಡಕ್ಕೆ ತಿರುಗಿಸುವಾಗ ನೀನು, ನೀವುಗಳನ್ನು ನನಗೆ ಕೇಳಿಸಿದಂತೆ ಹಾಕಿದ್ದೇನೆ.

ಮೊದಲ ದಿನವೇ ಎಡವಟ್ಟಾಯಿತು. ರೈಲಿನ ಧೂಳು ಮೈಮೇಲಿತ್ತು. ಜಯನಗರದ ನಲ್ಲಿಯ ಮುಂದೆ ಬೆಳಗ್ಗೆ ಎದ್ದು ಬಿಂದಿಗೆ ತುಂಬಿಸಿ ಸಾಕಾದವಳು ನಾನು; ಪರದೇಶದಲ್ಲಿ ನೀರಿಗೇನು ಬರ ಎಂದುಕೊಂಡು ತಲೆಗೆ ಸ್ನಾನ ಮಾಡಿ, ಎರಡು ಸೀರೆ ಒಗೆದು, ಹಾಡಿಕೊಂಡು ಹೊರಬಂದೆ. ನ್ಯಾನ್ ನನ್ನ ಕೈ ಹಿಡಿದು ಮನೆಯ ಪಕ್ಕಕ್ಕೆ ಕರೆದೊಯ್ದರು. ಅಲ್ಲಿ ಆಳೆತ್ತರದ ದುಂಡನೆಯ ತಗಡಿನ ತೊಟ್ಟಿ. ಸೂರಿನ ಮೇಲೆ ಬಿದ್ದ ಮಳೆಯೇ ಅದರ ನೀರು, ಅದೇ ಅವರ ಕುಡಿಯುವ ನೀರು. ನ್ಯಾನ್ ಬೆರಳ ಗೆಣ್ಣಿನಿಂದ ತೊಟ್ಟಿಯನ್ನು ಮೇಲಿಂದ ಕೆಳಕ್ಕೆ ತಟ್ಟುತ್ತ ಬಂದರು. ಟಣ್, ಟಣ್, ಟಣ್. ಮೊಣಕಾಲಿನ ಮಟ್ಟಕ್ಕೆ ಬಂದಾಗ ಸದ್ದು ದಪ್ಪವಾಯಿತು.

"ಇಲ್ಲಿಂದ ಕೆಳಗೆ ನೀರು" ಎಂದರು. "ಮೇಲಿರೋದೆಲ್ಲ ನಮ್ಮ ಆಸೆ."

ಅವತ್ತಿನಿಂದ ಒಂದು ಚೊಂಬಿನಲ್ಲಿ ಮುಖ ತೊಳೆದೆ.

ಮನೆಯ ಮೇಲ್ಗಡೆ ಹುಲ್ಲುಗಾವಲು, ಅದರ ಮೇಲೆ ಗುಡ್ಡದ ತುದಿಯವರೆಗೂ ಕಾಡು. ನೀಲಗಿರಿ ಮರಗಳ ಕಾಡು! ನಮ್ಮಲ್ಲಿ ರಸ್ತೆ ಬದಿಯಲ್ಲಿ ನೆಟ್ಟ ಆ ಮರದ ತವರುಮನೆ ಇದೇ. ಅವುಗಳ ತೊಗಟೆ ಉದ್ದುದ್ದ ಪಟ್ಟಿಯಾಗಿ ಸುಲಿದು ಕೊಂಬೆಗಳಿಂದ ಜೋತಾಡುತ್ತಿತ್ತು. ಬಿಸಿಲೇರಿದಂತೆ ಕಾಡಿಗೆ ಕಾಡೇ ನೆಗಡಿಗೆ ಹಚ್ಚುವ ಎಣ್ಣೆಯ ಹಾಗೆ ಘಮಘಮಿಸುತ್ತಿತ್ತು. ನನಗೆ ಆ ವಾಸನೆ ಹಿತವಾಗಿತ್ತು. ಹಾಗೆಂದು ಹೇಳಿದಾಗ ಜ್ಯಾಕ್ ಮೊದಲ ಬಾರಿಗೆ ಒಂದು ಪೂರ್ತಿ ಮಾತಾಡಿದ.

"ಹೋದ ವರ್ಷ ಮಳೆ ಜಾಸ್ತಿ ಆಯ್ತು. ಎಲ್ಲರೂ ಖುಷಿಪಟ್ಟರು. ಹುಲ್ಲು ಸೊಂಟದವರೆಗೂ ಬೆಳೀತು. ಆಮೇಲೆ ಒಂದು ಹನಿ ಬೀಳಲಿಲ್ಲ. ಈಗ ಆ ಹುಲ್ಲೆಲ್ಲ ಸೌದೆ, ಆ ಮರಗಳೆಲ್ಲ ಎಣ್ಣೆ ಪೀಪಾಯಿ. ಇನ್ನು ಬೇಕಿರೋದು ಉತ್ತರದ ಗಾಳಿ ಒಂದೇ."

ನಮಗೆ ಉತ್ತರ ಎಂದರೆ ಹಿಮಾಲಯ. ಅವರಿಗೆ ಉತ್ತರ ಎಂದರೆ ಮರಳುಗಾಡು. ಅಲ್ಲಿಂದ ಬೀಸುವ ಗಾಳಿ ಬಾಣಲೆಯ ಮೇಲಿನ ಗಾಳಿಯ ಹಾಗಿರುತ್ತದಂತೆ. ಹನುಮಂತನಗರದ ಗುಡ್ಡಕ್ಕೂ ಶಿವರಾತ್ರಿಯ ಸುಮಾರಿಗೆ ಬೆಂಕಿ ಬೀಳುತ್ತಿತ್ತು, ಹುಡುಗರು ಹೊಂಗೆ ಕೊಂಬೆ ಮುರಿದು ಬಡಿದು ಆರಿಸುತ್ತಿದ್ದರು ಎಂದು ನಾನು ಹೇಳಿದೆ. ಜ್ಯಾಕ್ ವಿನಯದಿಂದ ತಲೆಯಾಡಿಸಿದ. ಅವನ ವಿನಯ ನನಗೆ ಅರ್ಥವಾದದ್ದು ಆಮೇಲೆ.

ಗಾಳಿಯ ದಿನ

ದೂರದ ಬೆಟ್ಟಗಳಲ್ಲಿ ಕೆಲವು ದಿನಗಳಿಂದ ಹೊಗೆ ಕಾಣುತ್ತಿತ್ತು. ಆ ಬೆಳಗ್ಗೆ ಎದ್ದಾಗಲೇ ಸೂರಿನ ತಗಡು ಪಟಪಟ ಬಡಿದುಕೊಳ್ಳುತ್ತಿತ್ತು. ಹೊರಗೆ ಹೋದರೆ ಕಣ್ಣಿನ ನೀರೂ ಆರಿಹೋಗುವಷ್ಟು ಒಣಗಾಳಿ. ಆಕಾಶ ಮಣ್ಣಿನ ಬಣ್ಣಕ್ಕೆ ತಿರುಗಿ, ಸೂರ್ಯ ತೊಳೆಯದ ತಾಮ್ರದ ತಟ್ಟೆಯಂತಿದ್ದ.

ಆ ಸೀಮೆಯಲ್ಲಿ ಹತ್ತಾರು ಮನೆಗೆ ಒಂದೇ ಟೆಲಿಫೋನು ತಂತಿ. ಪ್ರತಿ ಮನೆಗೂ ಅದರದೇ ಗಂಟೆ: ಎರಡು ಗಿಡ್ಡ ಒಂದು ಉದ್ದ, ಹೀಗೆ. ಪಕ್ಕದ ಮನೆಯ ಗಂಟೆ ಬಾರಿಸಿದರೂ ಎಲ್ಲರೂ ಎತ್ತಿ ಕೇಳುತ್ತಾರೆ, ನಡುವೆ ಬಾಯಿ ಹಾಕುವುದೂ ಉಂಟು. ಅದರಲ್ಲಿ ನಾಚಿಕೆಯಿಲ್ಲ. ಆದರೆ ಆ ದಿನ ಬಂದದ್ದು ನಿಲ್ಲದ ಒಂದೇ ಗಂಟೆ. ಅದು ಎಲ್ಲ ಮನೆಗಳಿಗೂ. ಬೆಂಕಿ ಗುಡ್ಡದ ತುದಿ ದಾಟಿದೆ ಎಂದು ಟೆಲಿಫೋನು ಕಚೇರಿಯ ಹೆಂಗಸು ಹೇಳಿದಳು. ಜ್ಯಾಕ್ ಊರಿನ ಬೆಂಕಿ ಆರಿಸುವ ಪಡೆಯವನು. ಟೋಪಿ ತೆಗೆದುಕೊಂಡು ಹೊರಟ. ಅವನ ನಾಯಿಯೂ ಲಾರಿ ಹತ್ತಿತು.

ಬೆಂಕಿ ನಮ್ಮ ಪಶ್ಚಿಮದ ಗುಡ್ಡದ ಮೇಲೆ, ಉತ್ತರದಿಂದ ದಕ್ಷಿಣಕ್ಕೆ ಓಡುತ್ತಿತ್ತು. "ನಮ್ಮನ್ನ ದಾಟಿ ಹೋಗ್ತಿದೆ ಅಲ್ವಾ?" ಎಂದೆ ಸಮಾಧಾನದಿಂದ. ನ್ಯಾನ್ ಬ್ರೆಡ್ಡು ಕೊಯ್ಯುವ ಉದ್ದನೆಯ ಚಾಕುವನ್ನು ಮೇಜಿನ ಮೇಲಿಟ್ಟು, ಮೊನೆಯನ್ನು ಮುಂದಕ್ಕೆ ತಳ್ಳಿದರು.

"ಈಗ ಹೀಗೆ ಹೋಗ್ತಿದೆ, ಮೊನೆ ಮುಂದಾಗಿ. ಸಂಜೆ ಹೊತ್ತಿಗೆ ಗಾಳಿ ತಿರುಗತ್ತೆ, ಸಮುದ್ರದ ಕಡೆಯಿಂದ ಬೀಸತ್ತೆ." ಚಾಕುವನ್ನು ಅಡ್ಡಕ್ಕೆ, ನನ್ನ ಕಡೆಗೆ ಸರಿಸಿದರು. "ಆಗ ಅಲಗಿಗೆ ಅಲಗೇ ನಮ್ಮ ಕಡೆ ಬರತ್ತೆ."

ನೆರೆಯವರ ಕಾರು ಬಂತು. ಪಟ್ಟಣಕ್ಕೆ ಹೋಗುವವರಿಗೆ ಜಾಗವಿತ್ತು. ಬೆಟ್ಟಿ ನನ್ನ ಚೀಲವನ್ನು ತಾನೇ ತಂದು ಬಾಗಿಲಲ್ಲಿಟ್ಟಳು. "ನಿನ್ನ ಜವಾಬ್ದಾರಿ ನಮ್ಮ ಮೇಲಿದೆ. ಹತ್ತು."

"ಹಸುಗಳು?"

ಅರವತ್ತಕ್ಕೂ ಮಿಕ್ಕಿದ ಹಸುಗಳು ಮೇಲಿನ ಹುಲ್ಲುಗಾವಲಿನಲ್ಲಿ, ಸೊಂಟದೆತ್ತರದ ಒಣಹುಲ್ಲಿನಲ್ಲಿದ್ದವು. ಕೊಟ್ಟಿಗೆಯ ಪಕ್ಕದಲ್ಲಿ ಆಲೂಗೆಡ್ಡೆ ಕಿತ್ತು ಬರಿದಾದ ಹೊಲವಿತ್ತು. ಸುಡಲು ಅಲ್ಲಿ ಏನೂ ಇಲ್ಲ. ಅಲ್ಲಿಗೆ ಇಳಿಸಬೇಕು.

"ನಾನೂ ಅತ್ತೆಯೂ ತರ್ತೀವಿ."

"ಮೂರು ಬೇಲಿ ಬಾಗಿಲಿವೆ, ನಾಯಿ ಇಲ್ಲ. ಇಬ್ಬರಿಂದ ಆಗಲ್ಲ. ನಾನು ಹೋಗಲ್ಲ" ಎಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು. ಬೆಟ್ಟಿ ಕೋಪದಿಂದ ನೋಡಿದಳು. ವಾದ ಮಾಡಲು ಹೊತ್ತಿರಲಿಲ್ಲ. ಕಾರು ಹೋಯಿತು.

"ಮೊದಲು ಅದನ್ನ ಬಿಚ್ಚು" ಎಂದರು ನ್ಯಾನ್, ನನ್ನ ಸೀರೆ ತೋರಿಸಿ. ಒಗೆಯಲು ಸುಲಭವೆಂದು ತಂದ ನೈಲಾನ್ ಸೀರೆ. "ಬಿಸಿಗೆ ಅದು ಮೈಗೆ ಅಂಟಿ ಕರಗತ್ತೆ." ಗತಿಸಿದ ಗಂಡನ ಉಣ್ಣೆ ಷರಾಯಿ, ಉಣ್ಣೆ ಅಂಗಿ ಕೊಟ್ಟರು. ಜನ್ಮದಲ್ಲಿ ಮೊದಲ ಬಾರಿಗೆ ಷರಾಯಿ ತೊಟ್ಟು, ಹಗ್ಗದಿಂದ ಸೊಂಟಕ್ಕೆ ಬಿಗಿದು, ಗುಡ್ಡ ಹತ್ತಿದೆ. ಓಡಲು ಅದು ಸೀರೆಗಿಂತ ಸಲೀಸಾಗಿದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಹಸುಗಳು ಗುಂಪುಗೂಡಿ ತಲೆಯೆತ್ತಿ ನಿಂತಿದ್ದವು. ಗುಡ್ಡದ ಆಚೆ ರೈಲು ಬರುವಂಥ ಸದ್ದು. ಬೆಟ್ಟಿ ಒಂದು ಕಡೆಯಿಂದ, ನಾನು ಒಂದು ಕಡೆಯಿಂದ ಅಟ್ಟಿದೆವು. ನ್ಯಾನ್ ಮುಂದೆ ಹೋಗಿ ಬಾಗಿಲುಗಳನ್ನು ತೆಗೆಯುತ್ತಿದ್ದರು. "ಹೋಯ್, ಬಾ ಬಾ, ನಡಿ ತಾಯಿ, ನಡಿ" ಎಂದು ನಾನು ಜರಗನಹಳ್ಳಿಯ ಕನ್ನಡದಲ್ಲೇ ಕೂಗಿದೆ. ಬಾಯಿಗೆ ಬೇರೆ ಭಾಷೆ ಬರಲೇ ಇಲ್ಲ. ಒಂದು ಹಸು ಎರಡನೆಯ ಬಾಗಿಲಲ್ಲಿ ತಿರುಗಿ ನಿಂತಿತು. ಅದರ ಹಿಂದೆ ಹತ್ತು ನಿಂತವು. ನಾನು ಅದರ ಬಾಲ ತಿರುಚಿ ಭುಜ ಕೊಟ್ಟು ನೂಕಿದೆ. ಮೇಲಿನಿಂದ ಹೊತ್ತಿ ಉರಿಯುವ ತೊಗಟೆಯ ಪಟ್ಟಿಗಳು ಹಕ್ಕಿಗಳಂತೆ ಹಾರಿಬಂದು ಹುಲ್ಲಿಗೆ ಬೀಳುತ್ತಿದ್ದವು. ಬಿದ್ದಲ್ಲೆಲ್ಲ ಪುಟ್ಟ ಬೆಂಕಿ ಏಳುತ್ತಿತ್ತು. ಕೊನೆಯ ಹಸು ಬರಿಹೊಲಕ್ಕೆ ಇಳಿದಾಗ ನಾನು ಬೇಲಿ ಹಿಡಿದು ನಿಂತು ಏದುಸಿರು ಬಿಟ್ಟೆ.

ಆಗ ಬೆವರಿದ ಕತ್ತಿಗೆ ತಣ್ಣನೆಯ ಗಾಳಿ ತಾಗಿತು.

ನಮ್ಮ ಬೆಂಗಳೂರಿನಲ್ಲಿ ಏಪ್ರಿಲ್ ಸಂಜೆ ಧೂಳೆದ್ದು, ತಂಗಾಳಿ ಬೀಸಿ, ಮಾವಿನ ಕಾಲದ ಮೊದಲ ಹನಿ ಬೀಳುವ ಮುಂಚಿನ ಆ ಹಿತ! ಒಂದು ಗಳಿಗೆ ನಾನು ಕಣ್ಣು ಮುಚ್ಚಿ ಮುಖವೊಡ್ಡಿದೆ.

"ತಿರುಗ್ತು!" ಎಂದು ಬೆಟ್ಟಿ ಕಿರುಚಿದಳು. "ಕೊಟ್ಟಿಗೆಗೆ ಓಡಿ!"

ಕೊಟ್ಟಿಗೆಯದು ಸಿಮೆಂಟಿನ ನೆಲ, ಅರ್ಧ ಗೋಡೆ, ತಗಡಿನ ಸೂರು. ನೀರಲ್ಲಿ ಅದ್ದಿಟ್ಟಿದ್ದ ಉಣ್ಣೆ ಕಂಬಳಿ ಹೊದ್ದು ಮೂವರೂ ಮೂಲೆಯಲ್ಲಿ ನೆಲಕ್ಕೆ ಒತ್ತಿಕೊಂಡೆವು. ಹಗಲು ಕತ್ತಲಾಯಿತು, ಕತ್ತಲು ಕೆಂಪಾಯಿತು. ಕಂಬಳಿಯಿಂದ ಆವಿ ಏಳುತ್ತಿತ್ತು. ಉಸಿರೆಳೆದರೆ ಗಂಟಲು ಸುಡುತ್ತಿತ್ತು. ಹಸುಗಳ ಕೂಗು ಆ ಮೊರೆತದಲ್ಲಿ ಮುಳುಗಿಹೋಯಿತು. ನ್ಯಾನ್ ಕೈ ನನ್ನ ಕತ್ತಿನ ಮೇಲಿತ್ತು, ತಲೆ ಎತ್ತದಂತೆ ಗಟ್ಟಿಯಾಗಿ ಅದುಮಿ. ಒಂದು ಪಾತ್ರೆ ಅನ್ನ ಬೇಯುವಷ್ಟು ಹೊತ್ತಿರಬೇಕು. ಅಷ್ಟರಲ್ಲಿ ಅದು ನಮ್ಮನ್ನು ದಾಟಿ ಹೋಯಿತು.

ಕೊಟ್ಟಿಗೆ

ಹೊರಬಂದಾಗ ಮನೆ ಉರಿಯುತ್ತಿತ್ತು. ಸೂರಿನಡಿ ಕಿಡಿ ಹೊಕ್ಕಿತ್ತು. ತೊಟ್ಟಿಯ ಕೊಳವೆ ಕರಗಿ ಇದ್ದ ನೀರೆಲ್ಲ ಬೂದಿಗೆ ಹರಿದಿತ್ತು. ಆರಿಸಲು ಏನೂ ಇರಲಿಲ್ಲ. ಬೆಟ್ಟಿ ಕೈಗಳನ್ನು ಎರಡು ಬದಿಗೂ ಜೋತುಬಿಟ್ಟು ನೋಡುತ್ತ ನಿಂತಳು. ಬಟ್ಟೆ ಒಣಹಾಕಿದ್ದ ತಂತಿಯಲ್ಲಿ ಬಟ್ಟೆಯೂ ಇಲ್ಲ, ಮರದ ಕ್ಲಿಪ್ಪುಗಳೂ ಇಲ್ಲ. ಕ್ಲಿಪ್ಪಿನ ಸ್ಪ್ರಿಂಗುಗಳು ಮಾತ್ರ ಸಾಲಾಗಿ ನೇತಾಡುತ್ತಿದ್ದವು. ನನ್ನ ಪೆಟ್ಟಿಗೆ, ಸೀರೆಗಳು, ಒಮ್ಮೆಯೂ ತೊಡದ ಚಿಕ್ಕಪೇಟೆಯ ಕೋಟು, ಎಲ್ಲ ಅದರೊಳಗೆ ಹೋದವು.

ಬರಿಹೊಲದಲ್ಲಿ ಹಸುಗಳು ಬದುಕಿದ್ದವು. ಅಂಚಿನಲ್ಲಿದ್ದ ಕೆಲವಕ್ಕೆ ಕಾಲು, ಕೆಚ್ಚಲು ಸುಟ್ಟಿತ್ತು. ಅವು ಕೂಗುತ್ತಿದ್ದದ್ದು ನೋವಿಗಷ್ಟೇ ಅಲ್ಲ. ಕರೆಯುವ ಹೊತ್ತು ಮೀರಿತ್ತು. ಕೆಚ್ಚಲು ಬಿಗಿದು ಕಲ್ಲಾಗಿದ್ದವು. ವಿದ್ಯುತ್ ಕಂಬಗಳು ನೆಲಕ್ಕೊರಗಿದ್ದವು. ಕರೆಯುವ ಯಂತ್ರ ಸತ್ತಿತ್ತು. ಹಾಗೇ ಬಿಟ್ಟರೆ ಕೆಚ್ಚಲು ಬಾವು ಬಂದು ಹಸುವೇ ಹೋಗುತ್ತದೆ.

ನ್ಯಾನ್ ಹ್ಯಾಟನ್ನು ಸರಿಮಾಡಿಕೊಂಡರು. "ಬೆಟ್ಟಿ, ಮನೆ ಹೋಯ್ತು. ಅದನ್ನ ನೋಡ್ತಾ ನಿಂತ್ರೆ ಇವೂ ಹೋಗ್ತವೆ. ಬಕೆಟ್ ತಗೋ." ನನ್ನ ಕಡೆ ತಿರುಗಿದರು. "ನಿಂಗೆ ಕೈಯಲ್ಲಿ ಕರೆಯಕ್ಕೆ ಬರತ್ತಾ?"

"ಬರತ್ತೆ" ಎಂದೆ.

ಬೆಟ್ಟಿಗೆ ಬರುತ್ತಿರಲಿಲ್ಲ, ಅವಳು ಮದುವೆಯಾಗಿ ಬರುವ ಹೊತ್ತಿಗೇ ಯಂತ್ರ ಬಂದಿತ್ತು. ನಾನು ಅವಳ ಕೈಮೇಲೆ ಕೈಯಿಟ್ಟು ಹಿಡಿತ ತೋರಿಸಿದೆ. ಮೂವರೂ ಕೂತೆವು. ನಾನು ಕರೆದು ಹತ್ತು ವರ್ಷವೇ ಆಗಿತ್ತು. ಐದನೆಯ ಹಸುವಿಗೆ ಮಣಿಕಟ್ಟು ಊದಿತು, ಆಮೇಲೆ ಬೆರಳು ಮರಗಟ್ಟಿದವು. ನ್ಯಾನ್ ಕೈ ಮಾತ್ರ ಒಂದೇ ತಾಳದಲ್ಲಿ ನಡೆದಿತ್ತು.

ಕ್ಯಾನುಗಳು ತುಂಬಿದವು. ರಸ್ತೆಯ ತುಂಬ ಮರ ಬಿದ್ದಿದ್ದವು, ಒಯ್ಯುವವರಿಲ್ಲ. ಆಗ ಬೆಟ್ಟಿ ಕೂಗಿದಳು. ಕೊಟ್ಟಿಗೆಯ ಸೂರು ಹೊತ್ತ ಮರದ ಕಂಬದ ಬುಡ ಕೆಂಡವಾಗಿತ್ತು. ನಾವು ನೋಡಿರಲಿಲ್ಲ, ಅದು ಒಳಗೊಳಗೇ ಉರಿಯುತ್ತ ಮೇಲೇರುತ್ತಿತ್ತು. ನೀರು ಒಂದು ತೊಟ್ಟೂ ಇಲ್ಲ.

"ಹಾಲು ಹೊಯ್ಯಿ!" ಎಂದರು ನ್ಯಾನ್.

ನನ್ನ ಕೈಯಲ್ಲಿ ತುಂಬಿದ ಬಕೆಟ್ಟಿತ್ತು. ನಾನು ಅಲ್ಲಾಡಲಿಲ್ಲ. ನಮ್ಮಲ್ಲಿ ಹಾಲು ಉಕ್ಕಿ ಒಲೆಗೆ ಬಿದ್ದರೆ ಕೆಚ್ಚಲು ಉರಿಯುತ್ತದೆಂದು ಹೆಂಗಸರು ಓಡಿಬಂದು ನೀರು ಚಿಮುಕಿಸುತ್ತಾರೆ. ಹಾಲನ್ನು ಬೆಂಕಿಗೆ ಹಾಕುವವಳು ಮನೆ ಹಾಳು ಮಾಡುವವಳು. ಅದು ನನಗೆ ಪಾಠದಿಂದ ಬಂದದ್ದಲ್ಲ. ಮೊಲೆಹಾಲಿನ ಜೊತೆಗೇ ಬಂದದ್ದು.

"ಶೀಲಾ! ಏನ್ ನೋಡ್ತಿದೀಯಾ?"

ಹೊಯ್ದೆ. ಕೆಂಡ ಚುಸ್ಸೆಂದಿತು, ಸುಟ್ಟ ಹಾಲಿನ ನಾತ ಮುಖಕ್ಕೆ ಹೊಡೆಯಿತು. ಕಣ್ಣಲ್ಲಿ ನೀರು ಬಂತು. ಎರಡನೆಯ ಬಕೆಟ್ಟು ಹೊಯ್ಯುವಾಗ ಬರಲಿಲ್ಲ. ಮತ್ತೆ ಕೂತು ಕರೆದೆವು, ಎದ್ದು ಹೊಯ್ದೆವು. 'ಇದು ನಿನ್ನದೇ ಹಾಲು, ನಿನ್ನ ಸೂರು ಉಳಿಸೋಕೆ' ಎಂದು ಪ್ರತಿ ಹಸುವಿನ ಪಕ್ಕೆಗೆ ಹಣೆಯಿಟ್ಟು ಹೇಳಿದೆ. ಕಂಬಗಳು, ಬೇಲಿಯ ಗೂಟಗಳು, ಬಾಗಿಲ ಚೌಕಟ್ಟು, ಒಂದೊಂದಾಗಿ ಆರಿದವು. ನಡುರಾತ್ರಿ ದಾಟುವ ಮುಂಚೆ ಎಲ್ಲ ಹಸುಗಳ ಬಿಗುವೂ ಇಳಿದಿತ್ತು. ಕೊಟ್ಟಿಗೆ ನಿಂತಿತ್ತು.

ಮಾರನೆಯ ಬೆಳಗ್ಗೆ

ಜ್ಯಾಕ್ ನಡೆದುಕೊಂಡು ಬಂದ. ಹುಬ್ಬು ಸುಟ್ಟಿತ್ತು, ಕಣ್ಣು ಊದಿ ಮುಚ್ಚಿಹೋಗುವಂತಿದ್ದವು. ಇಡೀ ದಾರಿ ಮನೆಯ ಕಡೆಯ ಹೊಗೆ ನೋಡುತ್ತ ಬಂದಿದ್ದನಂತೆ, ನಾವಿದ್ದೇವೋ ಇಲ್ಲವೋ ಗೊತ್ತಿಲ್ಲದೆ. ಬೆಟ್ಟಿ ಬಕೆಟ್ಟು ಇಟ್ಟು ಎದ್ದಳು. ಇಬ್ಬರೂ ಬಹಳ ಹೊತ್ತು ಒಬ್ಬರನ್ನೊಬ್ಬರು ಹಿಡಿದು ನಿಂತರು. ನಾನು ಹಸುವಿನ ಹಿಂದೆ ತಲೆ ತಗ್ಗಿಸಿ ಕರೆಯುತ್ತಲೇ ಇದ್ದೆ. ಆಮೇಲೆ ಆತ ಹಸುಗಳ ನಡುವೆ ನಡೆದು, ಕೆಚ್ಚಲುಗಳನ್ನು ಮುಟ್ಟಿ ನೋಡಿ, ನನ್ನ ಬಳಿ ನಿಂತ.

"ನೀವು ಕಾರಿನಲ್ಲಿ ಹೋಗಬೇಕಿತ್ತು."

"ಹೌದು."

"ಹೋಗದಿದ್ದದ್ದು ಒಳ್ಳೇದಾಯ್ತು."

ಉಳಿಯಲಾರದ ಹಸುಗಳನ್ನು ಆತ ಒಂದೊಂದಾಗಿ ಹಳ್ಳದ ಆಚೆಗೆ ಕರೆದೊಯ್ದ. ಬಂದೂಕಿನ ಸದ್ದು ಕೇಳಿದಾಗಲೆಲ್ಲ ನ್ಯಾನ್ ಕೈ ಒಂದು ಗಳಿಗೆ ನಿಲ್ಲುತ್ತಿತ್ತು, ಮತ್ತೆ ನಡೆಯುತ್ತಿತ್ತು. ನನಗೆ ಅದು ಒಪ್ಪುವ ಮಾತಾಗಿರಲಿಲ್ಲ. ಹಾಗೆಂದು ಆ ಹಸುಗಳ ಕಾಲನ್ನು ನೋಡಿದ ಮೇಲೆ ಬೇಡವೆನ್ನಲೂ ಬಾಯಿ ಬರಲಿಲ್ಲ.

ಊರ ಸಭಾಂಗಣ

ಮನೆ ಕಳೆದುಕೊಂಡವರೆಲ್ಲ ಊರ ಸಭಾಂಗಣದಲ್ಲಿ ಮಲಗುತ್ತಿದ್ದೆವು. ನಾವು ನಾಲ್ವರು ದಿನವೂ ಕೊಟ್ಟಿಗೆಗೆ ಹೋಗಿ ಕೈಯಲ್ಲೇ ಹಾಲು ಕರೆದು ಬರುತ್ತಿದ್ದೆವು. ಆ ಜನರ ಅಳು ನನಗೆ ಕಾಣಿಸಲೇ ಇಲ್ಲ. ನಮ್ಮಲ್ಲಾದರೆ ಬಂದವರು ತಬ್ಬಿಕೊಂಡು ಗೋಳಾಡಿ, ಆಮೇಲೆ ಹಗುರಾಗುತ್ತಾರೆ. ಇಲ್ಲಿ ಒಬ್ಬರು ಇನ್ನೊಬ್ಬರಿಗೆ "ಹೇಗಾಯ್ತು?" ಎನ್ನುತ್ತಾರೆ, ಇನ್ನೊಬ್ಬರು "ಕೊಟ್ಟಿಗೆ ಉಳೀತು" ಎನ್ನುತ್ತಾರೆ, ನಡುವೆ ಒಂದು ಲೋಟ ಟೀ ಬರುತ್ತದೆ. ಈ ಸಲ ಅದು ನಿಜವಾದ ಟೀ. ಯಾರೋ ನನಗೆ ಹೂವಿನ ಅಚ್ಚಿನ ಗೌನು ತಂದುಕೊಟ್ಟರು. ನಾನು ಷರಾಯಿಯಲ್ಲೇ ಉಳಿದೆ. ನನ್ನನ್ನು ಕರೆದೊಯ್ಯಲು ಮೆಲ್ಬರ್ನಿನಿಂದ ಕಾರು ಬಂತು. ಕರೆಂಟು ಬಂದ ಮೇಲೆ ಬರ್ತೀನಿ ಎಂದು ವಾಪಸ್ಸು ಕಳಿಸಿದೆ.

ಹಾಲಿನ ಲಾರಿಗೆ ದಾರಿ ತೆರೆದ ದಿನ ಬೆಟ್ಟಿ ತಲೆ ಬಾಚಿಕೊಂಡು ಬಂದಿದ್ದಳು. ಊದಿದ ಕೈಗಳಿಂದ ನಾವು ತುಂಬಿಸಿದ ಕ್ಯಾನುಗಳು ಸಾಲಾಗಿ ನಿಂತಿದ್ದವು. ಅಭ್ಯಾಸಬಲದಿಂದ ನಾನು ಒಂದರ ಮುಚ್ಚಳ ತೆಗೆದೆ.

ಹೊಗೆ. ಒಂದು ಗುಟುಕು ಬಾಯಿಗೆ ಹಾಕಿ ಉಗಿದೆ. ತಳಹಿಡಿದ ಪಾಯಸದ ಹಾಗೆ, ಆದರೆ ಕಹಿ. ಹಸುಗಳು ಉಸಿರಾಡಿದ್ದು, ಮೇದದ್ದು, ಎಲ್ಲ ಹಾಲಿಗಿಳಿದಿತ್ತು.

"ಇದನ್ನ ಕಳಿಸಬಾರದು" ಎಂದೆ.

ಲಾರಿಯವನು, "ಇವತ್ತು ಅಲ್ಲಿ ಯಾರೂ ಮೂಸಲ್ಲ ಅಮ್ಮ. ಕೊಡಿ" ಎಂದ. ಬೆಟ್ಟಿ ನನ್ನೆದುರು ಬಂದು ನಿಂತಳು. "ಮನೆ ಹೋಗಿದೆ, ಹಸು ಹೋಗಿವೆ. ಇವತ್ತೇ ನಿಂಗೆ ಮೂಗು ಬರಬೇಕಿತ್ತಾ?"

ದಾಕ್ಷಿಣ್ಯ ಎಂದು ನಮ್ಮಲ್ಲಿ ಒಂದು ಮಾತಿದೆ. ನನ್ನ ಡೇರಿಯಲ್ಲಿ ಅದಕ್ಕೆ ನಾನು ಎಷ್ಟೋ ಸಲ ಸೋಲುವುದರಲ್ಲಿದ್ದು, ಸೋತಿಲ್ಲ. ಆದರೆ ಎದುರಿಗೆ ನಿಂತವಳ ಪಕ್ಕದಲ್ಲಿ ನಾನು ಬೆಂಕಿಯಲ್ಲಿ ಮಲಗಿದ್ದೆ. ಈ ಹಾಲು ನೂರು ಫಾರಮ್ಮಿನ ಹಾಲಿಗೆ ಬೆರೆಯುತ್ತದೆ. ಪಟ್ಟಣದಲ್ಲಿ ಯಾವುದೋ ಮಗು ಬಾಟಲಿಯಿಂದ ಬಾಯಿ ತೆಗೆದು ಅಳುತ್ತದೆ. "ಬೆಟ್ಟಿ, ಕೆಟ್ಟ ಹಾಲನ್ನ ಒಳ್ಳೇದು ಅನ್ನಕ್ಕೆ ನಂಗೆ ಬರಲ್ಲ" ಎಂದೆ.

ಜ್ಯಾಕ್ ಮುಂದೆ ಬಂದು, ಒಂದು ಗುಟುಕು ಕುಡಿದು, ನೆಲ ನೋಡಿದ. ಆಮೇಲೆ ಕ್ಯಾನುಗಳನ್ನು ಒಂದೊಂದಾಗಿ ಬಗ್ಗಿಸಿದ. ಕಪ್ಪು ನೆಲದ ಮೇಲೆ ಬಿಳಿ ಹರಿಯಿತು. ಬೆಟ್ಟಿ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಕರೆಯುವಾಗ ಮಾತ್ರ ಪಕ್ಕದಲ್ಲೇ ಕೂರುತ್ತಿದ್ದಳು.

ದೂರದ ಊರುಗಳಿಂದ ಒಣಹುಲ್ಲಿನ ಹೊರೆಗಳು ಬಂದವು. ಹೆಸರಿಲ್ಲದ ಯಾರೋ ಕೊಟ್ಟದ್ದು. ಬೆಂಕಿಯ ಗಾಳಿ ಸೋಕದ ಮೇವು. ದಿನಾ ಮೂಸಿದೆ, ದಿನಾ ಚೆಲ್ಲಿದೆವು. ಒಂದು ಬೆಳಗ್ಗೆ ಬೆಟ್ಟಿಯೇ ಲೋಟ ತಂದು ನನ್ನ ಮೂಗಿನ ಕೆಳಗೆ ಹಿಡಿದಳು. ಮೂಸಿ, ಕುಡಿದೆ, ಉಗಿಯಲಿಲ್ಲ. ಬೆಟ್ಟಿ ಕ್ಯಾನಿಗೆ ಮುಚ್ಚಳ ಹಾಕಿ ಲಾರಿಯವನಿಗೆ ಕೈಸನ್ನೆ ಮಾಡಿದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಆಗ.

ಮತ್ತೊಂದು ಗಾಳಿ

ಬೇಸಿಗೆ ಮುಗಿದಿರಲಿಲ್ಲ. ಪೂರ್ವದ ಬೆಟ್ಟಗಳಲ್ಲಿ ಕಾಡು ಇನ್ನೂ ಹಸಿರಾಗೇ ಇತ್ತು. ಅಂದರೆ ಇನ್ನೂ ಉರಿಯಲು ಬಾಕಿ ಇತ್ತು. ಮತ್ತೊಮ್ಮೆ ಉತ್ತರದ ಗಾಳಿ ಎದ್ದಾಗ ಯಾರೂ ಯಾರನ್ನೂ ಕೇಳಲಿಲ್ಲ. ಜ್ಯಾಕ್ ಟ್ರ್ಯಾಕ್ಟರಿನಿಂದ ಕಾಡಂಚಿನ ನೆಲ ಕೆರೆದು ಬೆಂಕಿಗೆ ಅಡ್ಡಗೆರೆ ಹಾಕಲು ಹೋದ. ಬೆಟ್ಟಿ ಗೋಣಿಚೀಲಗಳನ್ನು ನೆನೆಸಿದಳು. ನಾನು ಬಾಗಿಲುಗಳನ್ನು ತೆಗೆದಿಟ್ಟು, ಹಸುಗಳನ್ನು ಬೆಳಗ್ಗೆಯೇ ಬರಿಹೊಲಕ್ಕೆ ಇಳಿಸಿದೆ. ನ್ಯಾನ್ ಮನೆಯಿದ್ದ ಜಾಗದಲ್ಲಿ, ಉಳಿದ ಹೊಗೆಗೂಡಿನ ಪಕ್ಕ ಕುರ್ಚಿ ಹಾಕಿಸಿಕೊಂಡು, ಹ್ಯಾಟು ತೊಟ್ಟು ಕೂತು ಗುಡ್ಡ ನೋಡುತ್ತಿದ್ದರು.

"ಇಲ್ಲೇ ಮತ್ತೆ ಮನೆ ಕಟ್ತೀರಾ?" ಎಂದು ಕೇಳಿದೆ.

"ಮತ್ತೆಲ್ಲಿ ಕಟ್ಟೋದು? ಹಸು ಇಲ್ಲಿವೆ."

"ಬೆಂಕಿ ಮತ್ತೆ ಬಂದ್ರೆ?"

"ಬರತ್ತೆ. ಈ ಸಲ ಸೂರಿನ ಕೆಳಗೆ ಸಂದು ಬಿಡಲ್ಲ."

ಮಧ್ಯಾಹ್ನದವರೆಗೂ ಪೂರ್ವದಲ್ಲಿ ಹೊಗೆ ಏಳುತ್ತಿತ್ತು. ಸಂಜೆಗೆ ಗಾಳಿ ನಿಂತಿತು. ಎಲ್ಲರೂ ಕಾದೆವು. ಕತ್ತಿಗೆ ತಣ್ಣಗೆ ತಾಗಿದಾಗ ನಾನು ಈ ಸಲ ಕಣ್ಣು ಮುಚ್ಚಲಿಲ್ಲ. ಕಾಡಂಚನ್ನೇ ನೋಡುತ್ತ, ಮೂಗರಳಿಸಿ ಉಸಿರೆಳೆದೆ. ಒದ್ದೆ ಮಣ್ಣಿನ, ಉಪ್ಪಿನ ಸಮುದ್ರದ ವಾಸನೆ. ಬೆಂಕಿ ಜ್ಯಾಕ್ ಕೆರೆದ ಗೆರೆಯ ಆಚೆ ತಡವರಿಸಿ ಕುಳಿತಿತ್ತು. ಕೊಟ್ಟಿಗೆಯ ತಗಡಿನ ಸೂರಿನ ಮೇಲೆ ಒಂದು ಹನಿ ಟಪ್ಪೆಂದಿತು, ಇನ್ನೊಂದು, ಆಮೇಲೆ ಎಣಿಸಲಾರದಷ್ಟು.

ನ್ಯಾನ್ ಮಳೆಯಲ್ಲೇ ಎದ್ದು ನಿಂತರು. ಬರಿಹೊಲದ ಬಾಗಿಲಲ್ಲಿ ಹಸುಗಳು ಒಂದರ ಹಿಂದೊಂದು ನಿಂತು ಕೂಗುತ್ತಿದ್ದವು.

"ಬಾ" ಎಂದರು, ಬಕೆಟ್ಟು ನನ್ನ ಕೈಗೆ ಕೊಡುತ್ತ. "ಹೊತ್ತಾಯ್ತು."